ಉರಿದ ನದಿಯ ದಡದಲ್ಲಿ

ರಜೆಯ ದಿನದಂದು ಮನೆಮಂದಿಯೊಡನೆ ನದೀತೀರದ ಉದ್ಯಾನಕ್ಕೆ ಹೋಗುವುದೆಂದರೆ ಯಾರಿಗೆ ತಾನೇ ಸಂತೋಷವಿಲ್ಲ? ಅಮೆರಿಕದ ಒಹಾಯೊ ರಾಜ್ಯದಲ್ಲಿ, ಆಕ್ರನ್ ಮತ್ತು ಕ್ಲೀವ್‌ಲ್ಯಾಂಡ್ ನಗರಗಳ ನಡುವೆ, ಕಯಾಹೋಗಾ ನದಿಯ ಕಣಿವೆಯಲ್ಲಿ ಅಂಥದೊಂದು ರಾಷ್ಟ್ರೀಯ ಉದ್ಯಾನವಿದೆ. 19ನೆಯ ಶತಮಾನದಲ್ಲಿ ಹೇಸರಗತ್ತೆಗಳು ಕಾಲುವೆಯ ದೋಣಿಗಳನ್ನು ಎಳೆಯುತ್ತ ಸಾಗಿದ ದಾರಿಯಲ್ಲಿ ಇಂದು ತಂದೆ ತಾಯಂದಿರು ಮಕ್ಕಳೊಡನೆ ಸೈಕಲ್ ಸವಾರಿ ಮಾಡುತ್ತಾರೆ. ಕೆಲವರು ಕಿರಿದಾದ ಕಯಾಕ್ ದೋಣಿಗಳಲ್ಲಿ ಕುಳಿತು ಹುಟ್ಟು ಹಾಕುತ್ತಾರೆ. ಇನ್ನು ಕೆಲವರು ದಡದಲ್ಲಿ ಗಾಳ ಹಿಡಿದು ಮೌನವಾಗಿ ಕಾಯುತ್ತಾರೆ.

ಆದರೆ ಈ ನದಿ ಒಮ್ಮೆ ಹೊತ್ತಿ ಉರಿದಿತ್ತು ಎಂದರೆ ನಂಬುವಿರಾ? 1969ರ ಜೂನ್ 22, ಭಾನುವಾರ. ಕ್ಲೀವ್‌ಲ್ಯಾಂಡಿನಲ್ಲಿ ನೀರಿನ ಮೇಲೆ ತೇಲುತ್ತಿದ್ದ ಎಣ್ಣೆ ಮತ್ತು ಕಸಕ್ಕೆ ಬೆಂಕಿ ತಗಲಿತು. ಅರ್ಧ ಗಂಟೆಯೊಳಗೆ ಅದು ನಂದಿತಾದರೂ ಎರಡು ರೈಲು ಸೇತುವೆಗಳಿಗೆ ಹಾನಿಯಾಯಿತು. ಅದು ಮೊದಲ ಬೆಂಕಿಯೂ ಅಲ್ಲ. 1868ರಿಂದ ಹಲವು ಬಾರಿ ಆ ನದಿ ಉರಿದಿತ್ತು. ಕಾರ್ಖಾನೆಗಳ ತ್ಯಾಜ್ಯವೂ ನಗರಗಳ ಕೊಳಚೆಯೂ ತಲೆಮಾರುಗಳಿಂದ ಅದರೊಳಕ್ಕೆ ಹರಿದಿದ್ದವು.

ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ನಾನು ಮಾಡದ ಹೊಲಸನ್ನು ನಾನೇಕೆ ತೊಳೆಯಬೇಕು? 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ನಮಗೆಲ್ಲ ಗೊತ್ತು. ಮಾಡಿದವನೇ ಉಣ್ಣಲಿ ಎಂಬುದು ನ್ಯಾಯವೇ ಸರಿ. ಆದರೆ ಮಾಡಿದವರಲ್ಲಿ ಎಷ್ಟೋ ಮಂದಿ ಗತಿಸಿಹೋಗಿರುವಾಗ, ಉಳಿದವರು ಒಬ್ಬರ ಮೇಲೊಬ್ಬರು ಬೆರಳು ತೋರುತ್ತಿರುವಾಗ, ನದಿಯ ಗತಿಯೇನು?

ಕ್ಲೀವ್‌ಲ್ಯಾಂಡಿನ ಮತದಾರರು ಈ ಪ್ರಶ್ನೆಗೆ ಬೆಂಕಿಗಿಂತ ಮೊದಲೇ ಉತ್ತರಿಸಿದ್ದರು ಎಂಬುದು ಗಮನಾರ್ಹ. ನದಿಯ ಶುದ್ಧೀಕರಣಕ್ಕಾಗಿ 10 ಕೋಟಿ ಡಾಲರುಗಳ ಸಾಲಪತ್ರಕ್ಕೆ ಅವರು 1968ರಲ್ಲಿಯೇ ಒಪ್ಪಿಗೆ ನೀಡಿದ್ದರು. ಬೆಂಕಿಯ ಮರುದಿನ ಮೇಯರ್ ಕಾರ್ಲ್ ಸ್ಟೋಕ್ಸ್ ಪತ್ರಕರ್ತರನ್ನು ನದಿಗೆ ಕರೆದೊಯ್ದು ಊರಿನ ಅವಮಾನವನ್ನು ಮುಚ್ಚಿಡದೆ ತೋರಿಸಿದರು. 1972ರ ಶುದ್ಧ ಜಲ ಕಾಯ್ದೆ, ಪರವಾನಗಿಯಿಲ್ಲದೆ ಕಾರ್ಖಾನೆಗಳು ನದಿಗಳಿಗೆ ತ್ಯಾಜ್ಯ ಬಿಡುವುದನ್ನು ನಿಷೇಧಿಸಿತು. ಹೊಣೆಯನ್ನು ಜನರು ಹೊತ್ತರೆಂದು ತಪ್ಪಿತಸ್ಥರನ್ನು ಬಿಟ್ಟುಬಿಡಲಿಲ್ಲ. ತಪ್ಪಿತಸ್ಥರು ಸಿಗಲೆಂದು ಹೊಣೆಯನ್ನು ಮುಂದೂಡಲೂ ಇಲ್ಲ.

ಅಪರಾಧ ಬೇರೆ, ಹೊಣೆ ಬೇರೆ. ಅಪರಾಧವು ಹಿಂದೆ ನೋಡಿ 'ಯಾರು ಮಾಡಿದರು?' ಎಂದು ಕೇಳುತ್ತದೆ. ಹೊಣೆಯು ಮುಂದೆ ನೋಡಿ 'ಯಾರು ಸರಿಪಡಿಸುವರು?' ಎಂದು ಕೇಳುತ್ತದೆ. ನಾವು ಸಂಪೂರ್ಣ ನಿರಪರಾಧಿಗಳೆಂದು ಹೇಳುವುದೂ ಕಷ್ಟ. ಆ ಕಾರ್ಖಾನೆಗಳ ಉಕ್ಕನ್ನು ಬಳಸಿದವರೂ ಸಾಮಾನ್ಯ ಜನರೇ ಅಲ್ಲವೇ?

ಆ ದುಡಿಮೆ ಇನ್ನೂ ಮುಗಿದಿಲ್ಲ. 2019ರಲ್ಲಿ, ಬೆಂಕಿಯಾಗಿ 50 ವರ್ಷಗಳಾದ ಮೇಲೆ, ಆ ನದಿಯ ಮೀನನ್ನು ಮಿತವಾಗಿ ತಿನ್ನಬಹುದೆಂದು ಅಧಿಕಾರಿಗಳು ಸಾರಿದರು. 2020ರಲ್ಲಿ ಉದ್ಯಾನದೊಳಗಿನ ಹಳೆಯ ಅಣೆಕಟ್ಟೊಂದನ್ನು ಕೆಡವಿ ನೀರಿಗೆ ಹಾದಿ ಬಿಟ್ಟರು. ಆದರೂ ಜೋರು ಮಳೆಯಾದಾಗ ಕೊಳಚೆ ನೀರು ನದಿಗೆ ಸೇರಬಹುದಾದ್ದರಿಂದ ದೋಣಿ ನಡೆಸುವವರು ಎಚ್ಚರದಿಂದಿರಬೇಕಾಗುತ್ತದೆ. ಕೆಡಿಸುವುದು ಸುಲಭ, ಸರಿಪಡಿಸಲು ಜೀವಮಾನವೇ ಬೇಕು.

ಇದು ದೂರದೇಶದ ಕಥೆಯೆಂದು ಮಗ್ಗುಲಾಗಬೇಡಿ. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿಯೂ 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡಿತು. ಆಗ ನಮ್ಮಲ್ಲಿ ಬಹುಮಂದಿ ಕೇಳಿದ್ದು 'ಯಾರು ಮಾಡಿದರು?' ಎಂಬ ಒಂದೇ ಪ್ರಶ್ನೆಯನ್ನು. ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದವರು ಎಷ್ಟು ಮಂದಿ?

ಕಯಾಹೋಗಾದ ದಡದಲ್ಲಿ ಇಂದು ಗಾಳ ಹಾಕುವ ಮಗುವಿಗೆ ಇದಾವುದೂ ತಿಳಿದಿರಲಾರದು. ತಿಳಿಯಬೇಕಾಗಿಯೂ ಇಲ್ಲ, ಅದು ನಿಶ್ಚಿಂತೆಯಿಂದ ನಲಿಯಲೆಂದೇ ಹಿರಿಯರು ತಮ್ಮದಲ್ಲದ ಸಾಲವನ್ನು ತೀರಿಸಿದರು. ಮುಂದಿನ ಬಾರಿ ನೀವು ಮಕ್ಕಳೊಡನೆ ಹೊಳೆಯ ದಡಕ್ಕೆ ಹೋದಾಗ ಸಂತೋಷವಾಗಿ ಆಡಿರಿ. ಮರಳುವಾಗ ನಿಮ್ಮದಲ್ಲದ ಕಸವನ್ನೂ ಒಂದಿಷ್ಟು ಹೆಕ್ಕಿ ತನ್ನಿರಿ.