ಮೇರೆ ಮೀರುವ ಮುನ್ನ

"ಮೇರೆ ಮೀರಬಾರದು" ಎಂಬ ಮಾತು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ಆ ಮೇರೆ ಎಲ್ಲಿದೆ, ಅದನ್ನು ಅಳೆದವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಈ ವಿಷಯದಲ್ಲಿ ಕಂಪ್ಯೂಟರ್ ವಿದ್ಯೆಯಿಂದ ನಾವು ಕಲಿಯಬಹುದಾದದ್ದು ಇದೆ ಎನ್ನಿಸುತ್ತದೆ.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳ ಬಾಯಲ್ಲಿ 'ಅರೇ' ಎಂಬ ಶಬ್ದ ಕೇಳಿರುತ್ತೀರಿ. ಅದು ನಮ್ಮ ಶಾಲೆಯ ಹಾಜರಿ ಪಟ್ಟಿಯಂತೆ. 40 ಮಕ್ಕಳ ತರಗತಿಯಲ್ಲಿ ಟೀಚರ್ 41ನೆಯ ನಂಬರು ಕೂಗಿದರೆ ಮಕ್ಕಳು ನಕ್ಕುಬಿಡುತ್ತಾರೆ. ಸಿ ಭಾಷೆಯ ಪ್ರೋಗ್ರಾಂ ನಗುವುದಿಲ್ಲ. ಪಟ್ಟಿಯಾಚೆ ಏನಿದೆಯೋ ಅದನ್ನೇ ಓದುತ್ತದೆ, ಕೆಲವೊಮ್ಮೆ ಕುಸಿದೇ ಬೀಳುತ್ತದೆ. ಅಲ್ಲಿ ಎಣಿಕೆ ಸೊನ್ನೆಯಿಂದ ಆರಂಭ. 40 ಹೆಸರಿದ್ದರೆ ಕೊನೆಯದು 39. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ 'ಲೂಪ್'ನಲ್ಲಿ "40ಕ್ಕಿಂತ ಕಡಿಮೆ" ಎನ್ನುವ ಬದಲು "40ರವರೆಗೆ" ಎಂದು ಬರೆದರೆ ಸಾಕು, ಮೇರೆ ಮೀರಿತು.

ಇದು ಸಣ್ಣ ಸಂಗತಿಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶ, 20 ಮೌಲ್ಯಗಳಿದ್ದ ಕಡೆ 21ನೆಯದನ್ನು ಓದಹೊರಟಿತು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ಇಂಥ ತಪ್ಪನ್ನು ಹಿಡಿಯಲು, ಪ್ರೋಗ್ರಾಂ ಓಡಿಸದೆ ಅದನ್ನು ಓದಿಯೇ ಪರೀಕ್ಷಿಸುವ ಸಾಧನಗಳಿವೆ. ಲೂಪಿನ ಎಣಿಕೆ ಎಲ್ಲಿಯವರೆಗೆ ಹೋದೀತೆಂದು ಲೆಕ್ಕ ಹಾಕಿ, ಪಟ್ಟಿಯ ಉದ್ದದೊಡನೆ ಹೋಲಿಸಿ ಎಚ್ಚರಿಸುತ್ತವೆ. ಕೆಲವೊಮ್ಮೆ ನಿರಪರಾಧಿ ಸಾಲನ್ನೂ ಶಂಕಿಸುತ್ತವೆ. ಒಂದು ತಪ್ಪನ್ನೂ ಬಿಡದೆ, ಒಂದು ಸರಿಯನ್ನೂ ಶಂಕಿಸದೆ ಎಲ್ಲ ಪ್ರೋಗ್ರಾಂಗಳನ್ನೂ ಅಳೆಯುವ ಸಾಧನ ಸಾಧ್ಯವೇ ಇಲ್ಲವೆಂದು ಹೆನ್ರಿ ರೈಸ್ 1953ರಲ್ಲಿ ಪ್ರಕಟಿಸಿದ ಪ್ರಮೇಯದಿಂದ ತಿಳಿಯುತ್ತದೆ.

ಹಾಗಾದರೆ ಇನ್ನೂ ಆಗದ ತಪ್ಪಿಗೆ ಮೊದಲೇ ಶಂಕಿಸುವುದು ನ್ಯಾಯವೇ? ಮಗಳು ಕತ್ತಲಾದ ಮೇಲೆ ಮನೆಗೆ ಬಂದರೆ ಹತ್ತು ಪ್ರಶ್ನೆ ಕೇಳುವ ನಮಗೂ ಇದು ಅನ್ವಯಿಸುತ್ತದೆ. ಆ ಸಾಧನ ಬರೆದವರ ನಡತೆಯನ್ನು ಶಂಕಿಸುವುದಿಲ್ಲ. ಇಂಥ ಸಾಲಿನಲ್ಲಿ, ಇಂಥ ಸಂಖ್ಯೆ ಬಂದರೆ ಹೀಗಾದೀತು ಎಂದು ಬೊಟ್ಟು ಮಾಡುತ್ತದೆ. ಹಾಗಾಗದೆಂದು ತೋರಿಸಿಕೊಟ್ಟರೆ ಆ ಎಚ್ಚರಿಕೆಯನ್ನು ಬದಿಗಿಡಬಹುದು. ಸುಮ್ಮನೆ ಕೂಗುವುದು ಅತಿಯಾದರೆ ಯಾರೂ ಕಿವಿಗೊಡುವುದಿಲ್ಲ. ಆಗ ನಿಜವಾದ ಅಪಾಯವೂ ಕೇಳಿಸದೆ ಹೋಗುತ್ತದೆ.

"ಆ ದಾರಿಯಲ್ಲಿ ದೀಪವಿಲ್ಲ, ಕೊನೆಯ ಬಸ್ಸು ತಪ್ಪಿದರೆ ರಿಕ್ಷಾ ಸಿಗದು ಮಗಾ" ಎನ್ನುವುದು ಎಚ್ಚರಿಕೆ. ಅದಕ್ಕೆ ಮಗಳು ಉತ್ತರ ಕೊಡಬಲ್ಲಳು, ಬೇರೆ ದಾರಿ ಹುಡುಕಬಲ್ಲಳು. "ಜನ ಏನಂದಾರು" ಎನ್ನುವುದಕ್ಕೆ ಅವಳು ಏನು ತಾನೇ ಉತ್ತರಿಸಿಯಾಳು? ಅಲ್ಲಿ ಸಾಲೂ ಇಲ್ಲ, ಲೆಕ್ಕವೂ ಇಲ್ಲ. ಅಳೆದು ತೋರಿಸಲಾಗದ ಮೇರೆಯನ್ನು ಮೀರಿದಳೆಂದು ಯಾರನ್ನೂ ದೂರುವ ಹಕ್ಕು ನಮಗಿಲ್ಲ.