ಅಪಘಾತದ ವರ್ತಮಾನ ಕೇಳಿದಾಗ

ಓದತಕ್ಕ ವೇದಭಾಗ: ಲೂಕನ ಸುವಾರ್ತೆ, 13ನೆಯ ಅಧ್ಯಾಯ, 1ರಿಂದ 9ರ ವರೆಗೆ.



ಒಂದು ದಿನ ಕೆಲವರು ನಮ್ಮ ಕರ್ತನ ಬಳಿಗೆ ಬಂದು ಘೋರವಾದ ಒಂದು ವರ್ತಮಾನವನ್ನು ತಿಳಿಸಿದರು. ಬಲಿಯರ್ಪಿಸುತ್ತಿದ್ದ ಗಲಿಲಾಯದವರನ್ನು ಪಿಲಾತನು ಕೊಲ್ಲಿಸಿದ್ದನು. ಸತ್ತವರು ಮಹಾಪಾಪಿಗಳಾಗಿರಬೇಕು, ಇಲ್ಲವಾದರೆ ಇಂಥ ಗತಿ ಬರುತ್ತಿದ್ದಿಲ್ಲ ಎಂಬ ಎಣಿಕೆ ಕೇಳುವವರ ಮನಸ್ಸಿನಲ್ಲಿರುವದನ್ನು ಕರ್ತನು ಅರಿತನು, ಅದನ್ನು ಒಪ್ಪಲಿಲ್ಲ. ಆತನು ತಾನೇ ಇನ್ನೊಂದು ಸುದ್ದಿಯನ್ನೆತ್ತಿ, ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಮಂದಿಯನ್ನು ನೆನಪಿಗೆ ತಂದನು. ಒಂದು ಮನುಷ್ಯರ ಕ್ರೌರ್ಯದಿಂದಾದ ಮರಣ. ಇನ್ನೊಂದು ಕಲ್ಲು ಕುಸಿದು ಆದ ಮರಣ. ಎರಡಕ್ಕೂ ಆತನ ಉತ್ತರ ಒಂದೇ. ಸತ್ತವರು ನಿಮಗಿಂತ ಹೆಚ್ಚಿನ ಪಾಪಿಗಳಲ್ಲ. ನೀವು ನಿಮ್ಮ ಮನಸ್ಸನ್ನು ದೇವರ ಕಡೆಗೆ ತಿರುಗಿಸಿಕೊಳ್ಳಿರಿ ಎಂಬದೇ ಅದರ ತಾತ್ಪರ್ಯ.

ನಮ್ಮ ಕಾಲದಲ್ಲಿ ಇಂಥ ಸುದ್ದಿಯನ್ನು ಹೊತ್ತು ತರುವದಕ್ಕೆ ಯಾರೂ ನಡೆದು ಬರಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲು ಗಳಿಗೆಯೊಳಗೆ ತರುತ್ತದೆ. 2023ನೆಯ ಇಸವಿ ಜೂನ್ 2ನೆಯ ತಾರೀಖು ಶುಕ್ರವಾರ ಸಂಜೆ, ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್ ಸ್ಟೇಷನ್ನಿನ ಬಳಿ ಕೋರಮಂಡಲ್ ಎಕ್ಸ್‌ಪ್ರೆಸ್ ಗಾಡಿಯು ತಪ್ಪು ಹಳಿಗೆ ತಿರುಗಿ, ನಿಂತಿದ್ದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಉರುಳಿದ ಡಬ್ಬಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯ ಹಿಂಭಾಗಕ್ಕೂ ಬಡಿದವು. 290ಕ್ಕೂ ಹೆಚ್ಚು ಮಂದಿ ಸತ್ತರು; ಸಾವಿರಕ್ಕೂ ಹೆಚ್ಚು ಮಂದಿ ಗಾಯಪಟ್ಟರು.

ಆಗ ಜನರಲ್ಲಿ ಎರಡು ಪಂಗಡ ಕಾಣಬಂತು. ಸುತ್ತಲಿನ ಹಳ್ಳಿಗಳವರು ಕತ್ತಲೆಯಲ್ಲಿ ಓಡಿಬಂದು ಗಾಯಪಟ್ಟವರನ್ನು ಡಬ್ಬಿಗಳಿಂದ ಎಳೆದು ಹೊರಗೆ ತಂದರು. ಯೌವನಸ್ಥರು ಆಸ್ಪತ್ರೆಗಳಲ್ಲಿ ಸಾಲುಗಟ್ಟಿ ನಿಂತು ಹೆಸರರಿಯದವರಿಗೆ ತಮ್ಮ ರಕ್ತವನ್ನು ಕೊಟ್ಟರು. ದೂರದಲ್ಲಿ ಕುಳಿತ ಬೇರೆ ಕೆಲವರು ಹಳಿಯ ಬದಿಯ ಒಂದು ಕಟ್ಟಡದ ಪಟವನ್ನು ಹರಡಿ, ಇದು ಮಸೀದಿ, ಈ ದಿನ ಶುಕ್ರವಾರ, ಇನ್ನು ನೀವೇ ತಿಳುಕೊಳ್ಳಿರಿ ಎಂದು ಹೇಳಿದರು. ಅದು ಮಸೀದಿಯಾಗಿರಲಿಲ್ಲ, ಇಸ್ಕಾನಿನವರ ದೇವಸ್ಥಾನವಾಗಿತ್ತು. ಇಂಥ ಸುಳ್ಳುಗಳನ್ನು ಹಬ್ಬಿಸಬೇಡಿರೆಂದು ಒಡಿಶಾದ ಪೊಲೀಸರು ಎಚ್ಚರಿಸಬೇಕಾಯಿತು. ರೈಲ್ವೆ ಸುರಕ್ಷತೆಯ ಕಮಿಷನರರ ವಿಚಾರಣೆಯಲ್ಲಿ ತಿಳಿದುಬಂದ ಕಾರಣವಾದರೋ, ಸಿಗ್ನಲಿನ ತಂತಿಗಳನ್ನು ಮಾರ್ಪಡಿಸಿದ್ದರಲ್ಲಿ ನಡೆದ ತಪ್ಪು.

ಪ್ರಿಯರೇ, ಅಂಥ ಸುಳ್ಳನ್ನು ನಾನು ಹರಡಲಿಲ್ಲ. ಆದರೂ ನಾನು ನಿರ್ದೋಷಿಯಲ್ಲ. ಆ ಭಾನುವಾರದ ಆರಾಧನೆಯಲ್ಲಿ, ನಮ್ಮ ಸಭೆಯವರು ಯಾರೂ ಆ ಗಾಡಿಗಳಲ್ಲಿ ಇರದಂತೆ ಕಾಪಾಡಿದ್ದಕ್ಕಾಗಿ ನಾನು ದೇವರಿಗೆ ದೊಡ್ಡ ಧ್ವನಿಯಿಂದ ಸ್ತೋತ್ರ ಹೇಳಿದೆನು. ಆರಾಧನೆ ಮುಗಿದ ಮೇಲೆ ಒಬ್ಬ ವೃದ್ಧಳು ಬಾಗಲ ಬಳಿ ನಿಂತು, “ಅಯ್ಯನವರೇ, ಅಲ್ಲಿ ಸತ್ತವರ ತಾಯಂದಿರು ಈಹೊತ್ತು ಯಾವ ಸ್ತೋತ್ರ ಹೇಳಬೇಕು?” ಎಂದು ಕೇಳಿದಳು. ಹಲವು ವರುಷಗಳ ಹಿಂದೆ ಆಕೆಯ ಮಗನು ಲಾರಿ ಮಗುಚಿ ಸತ್ತಿದ್ದನು. ಕುಲದೇವರನ್ನು ಬಿಟ್ಟದ್ದಕ್ಕೆ ಹೀಗಾಯಿತೆಂದು ಊರವರು ಆಡಿಕೊಂಡರು. ಪ್ರಾರ್ಥನೆಗೆ ಸರಿಯಾಗಿ ಬಾರದ್ದಕ್ಕೆ ಹೀಗಾಯಿತೆಂದು ನಮ್ಮ ಸಭೆಯವರೇ ಆಡಿಕೊಂಡರು. ಊರವರ ಮಾತಿಗಿಂತ ನಮ್ಮವರ ಮಾತೇ ಆಕೆಯನ್ನು ಹೆಚ್ಚಾಗಿ ಇರಿಯಿತು. ನನಗೆ ಉತ್ತರ ಹೊರಡಲಿಲ್ಲ. ಸಿಲೋವದ ಬುರುಜಿನ ಮಾತನ್ನು ಅಷ್ಟು ವರುಷ ಬೋಧಿಸಿದ್ದರೂ, ಅದು ನನಗಾಗಿಯೂ ಹೇಳಲ್ಪಟ್ಟಿತೆಂದು ಆ ಬಾಗಲಲ್ಲಿ ತಿಳುಕೊಂಡೆನು.

ಅಪೊಸ್ತಲರ ಕೃತ್ಯಗಳಲ್ಲಿ ಇದೇ ಪಾಠವುಂಟು. ಪೌಲನು ಹೋಗುತ್ತಿದ್ದ ಹಡಗು ಒಡೆದು 276 ಮಂದಿಯೂ ಮೆಲಿತೆ ದ್ವೀಪದ ದಡ ಸೇರಿದರು. ದ್ವೀಪದವರು ಮಳೆಯಲ್ಲಿ ನಡುಗುತ್ತಿದ್ದವರಿಗೆ ಬೆಂಕಿ ಹೊತ್ತಿಸಿಕೊಟ್ಟರು. ಪೌಲನ ಕೈಗೆ ಹಾವು ಸುತ್ತಿಕೊಂಡ ಕೂಡಲೆ ಅವರು ಅವನನ್ನು ಕೊಲೆಗಾರನೆಂದರು. ಅವನಿಗೆ ಏನೂ ಆಗದಿರುವದನ್ನು ಕಂಡು ದೇವರೆಂದರು. ಎರಡು ತೀರ್ಪುಗಳೂ ಸುಳ್ಳು. ಹೊತ್ತಿಸಿದ ಬೆಂಕಿ ಮಾತ್ರ ನಿಜವಾಗಿತ್ತು. ಸತ್ತವನನ್ನು ಪಾಪಿಯೆಂದೂ ಉಳಿದವನನ್ನು ಪುಣ್ಯವಂತನೆಂದೂ ಹೇಳುವ ಅಧಿಕಾರ ನಮಗಿಲ್ಲ. ಬೆಂಕಿ ಹೊತ್ತಿಸುವ ಕೆಲಸ ನಮಗುಂಟು.

ಮನುಷ್ಯರ ಕೈಯಿಂದಲೇ ರಕ್ತ ಸುರಿಯುವಾಗ ಈ ಶೋಧನೆ ಮತ್ತಷ್ಟು ಬಲವಾಗುತ್ತದೆ. 2025ನೆಯ ಇಸವಿ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನ ಬಳಿ ಬಂದೂಕುಗಾರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಕೊಂದವರಿಗೆ ನ್ಯಾಯದಂಡನೆಯಾಗಬೇಕೆಂದು ಕೇಳುವದು ತಪ್ಪಲ್ಲ. ಆದರೆ ದೂರದ ಪಟ್ಟಣಗಳಲ್ಲಿ ಓದುತ್ತಿದ್ದ, ಆ ಕೊಲೆಯನ್ನು ಕನಸಿನಲ್ಲಿಯೂ ಕಾಣದ ಕಾಶ್ಮೀರದ ವಿದ್ಯಾರ್ಥಿಗಳನ್ನು ಕೆಲವರು ಬೆದರಿಸಿದರು. ಅಲ್ಲಿ ಸತ್ತ 26 ಮಂದಿಯಲ್ಲಿ ಕುದುರೆಯ ಮೇಲೆ ಪ್ರವಾಸಿಗಳನ್ನು ಕರೆದೊಯ್ಯುತ್ತಿದ್ದ ಆ ಸ್ಥಳದ ಮುಸಲ್ಮಾನನೊಬ್ಬನೂ ಇದ್ದನೆಂಬದನ್ನು ಅವರು ಮರೆತರು. ಒಬ್ಬನ ಅಪರಾಧವನ್ನು ಅವನ ಜನರೆಲ್ಲರ ಮೇಲೆ ಹೊರಿಸುವದು ಎಂಥದೆಂದು, ಯಾವನೋ ಒಬ್ಬ ಕ್ರೈಸ್ತನು ಕೆಟ್ಟು ನಡೆದಾಗ ಊರಲ್ಲಿ ತಲೆ ತಗ್ಗಿಸಿ ನಡೆದ ನಾವು ಅರಿಯೆವೋ?

ಹಾಗಾದರೆ ಇಂಥ ವರ್ತಮಾನ ಬಂದಾಗ ನಾವು ಮಾಡತಕ್ಕದ್ದೇನು? ಮೊದಲು, ನಾಲಿಗೆಯನ್ನೂ ಬೆರಳನ್ನೂ ತಡೆಯಿರಿ. ನಿಜವೆಂದು ತಿಳಿಯದ್ದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿರಿ. ಎರಡನೆಯದಾಗಿ, ಅಳುವವರ ಸಂಗಡ ಅಳಿರಿ. ರಕ್ತವನ್ನಾಗಲಿ, ಹಣವನ್ನಾಗಲಿ, ಹೆಗಲನ್ನಾಗಲಿ ಕೊಡಲು ಸಾಧ್ಯವಾದರೆ ಮತವನ್ನು ಕೇಳದೆ ಕೊಡಿರಿ. ಮೂರನೆಯದಾಗಿ, ನಿಮ್ಮ ಕೆಲಸವನ್ನು ಪರೀಕ್ಷಿಸಿಕೊಳ್ಳಿರಿ. ನಮ್ಮಲ್ಲಿ ಲಾರಿ ನಡಿಸುವವರಿದ್ದಾರೆ, ಗೋಡೆ ಕಟ್ಟುವವರಿದ್ದಾರೆ, ವಿದ್ಯುತ್ತಿನ ತಂತಿ ಎಳೆಯುವವರಿದ್ದಾರೆ. ಒಂದು ತಂತಿಯ ತಪ್ಪಿನಿಂದ ನೂರಾರು ಮನೆಗಳ ದೀಪ ಆರಿದ್ದನ್ನು ಕಂಡೆವು. ನಂಬಿಗಸ್ತಿಕೆಯಿಂದ ಮಾಡಿದ ಕೈಕೆಲಸವೂ ದೇವರ ಸೇವೆಯೇ. ನಾಲ್ಕನೆಯದಾಗಿ, ಬೇಗನೆ ಮರೆಯಬೇಡಿರಿ. ಬಹಾನಗಾದಲ್ಲಿ ಸತ್ತವರೊಳಗೆ 28 ಮಂದಿಯ ದೇಹಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾಲ್ಕು ತಿಂಗಳು ಕಾದು, ಅಕ್ಟೋಬರಿನಲ್ಲಿ ಭುವನೇಶ್ವರದಲ್ಲಿ ಅವುಗಳನ್ನು ದಹಿಸಿದರು. ಅಷ್ಟರಲ್ಲಿ ಜಗಳವಾಡಿದವರೆಲ್ಲರೂ ಬೇರೆ ಸುದ್ದಿಗೆ ಹೋಗಿದ್ದರು. ಮನುಷ್ಯರು ಹೆಸರರಿಯದ ಆ 28 ಮಂದಿಯನ್ನು ದೇವರು ಹೆಸರೆತ್ತಿ ಬಲ್ಲನು.

ಬುರುಜಿನ ಮಾತಾದ ಕೂಡಲೆ ನಮ್ಮ ಕರ್ತನು ಹಣ್ಣು ಕೊಡದ ಅಂಜೂರದ ಗಿಡದ ಸಾಮ್ಯವನ್ನು ಹೇಳಿದನು. ತೋಟಗಾರನು ಬೇಡಿಕೊಂಡು, ಅದರ ಸುತ್ತಲೂ ಅಗೆದು ಗೊಬ್ಬರ ಹಾಕುವದಕ್ಕೆ ಇನ್ನೊಂದು ವರುಷದ ಅವಕಾಶವನ್ನು ಕೇಳಿದನು. ನಾವು ಈಹೊತ್ತು ಉಸಿರಾಡುವದು ಸತ್ತವರಿಗಿಂತ ಒಳ್ಳೆಯವರಾದದರಿಂದ ಅಲ್ಲ. ಆ ಒಂದು ವರುಷವು ನಮಗೆ ಕೊಡಲ್ಪಟ್ಟಿರುವದರಿಂದಲೇ. ಈಗ ನಾನು ಸ್ತೋತ್ರ ಹೇಳುವಾಗ ಆ ವೃದ್ಧಳ ಪ್ರಶ್ನೆಯನ್ನು ಮರೆಯುವದಿಲ್ಲ. ಮೊದಲು ಸತ್ತವರ ತಾಯಂದಿರಿಗಾಗಿ ಮೊಣಕಾಲೂರುತ್ತೇನೆ. ತರುವಾಯ, “ಕರ್ತನೇ, ನನಗೆ ಕೊಟ್ಟ ಈ ದಿನದಲ್ಲಿ ಫಲವಿರಲಿ” ಎಂದು ಬೇಡುತ್ತೇನೆ. ನೀವೂ ಹಾಗೆಯೇ ಮಾಡಿರಿ. ಆಮೆನ್.