ಕಾರ್ಡಿನ ಮಾಟಗಾತಿ

ನಮ್ಮೂರಲ್ಲಿ ಮಾಟಗಾತಿ ಅಂದರೆ ಊರಾಚೆ ಒಂಟಿಯಾಗಿದ್ದ ವಿಧವೆ. ಅವಳ ಮನೆಯ ನೀರನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಡೊಂಬಿವಲಿಗೆ ಬಂದ ಮೇಲೆ ಆ ಮಾತಿಗೆ ಬೇರೆಯೇ ರೂಪ: ಅಕ್ಟೋಬರ್ 31ರ ಹ್ಯಾಲೋವೀನ್‌ಗೆಂದು ಸೊಸೈಟಿಯ ಮಕ್ಕಳು ಕೈಯಾರೆ ಮಾಡುವ ಕಾರ್ಡು. ಕಪ್ಪು ಕಾಗದದ ಚೂಪು ಟೋಪಿ, ಸೊಟ್ಟ ಮೂಗು, ಪೊರಕೆ. (ಪೊರಕೆ ಹಿಡಿದ ಮುದುಕಿ ಅಂದ್ರೆ ನಮ್ಮನೇಲಿ ನಾನೇ!) ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರು, 14 ಮಂದಿ ಹೆಂಗಸರು. ಮುನ್ನೂರು ವರ್ಷ ಕಳೆದು ಅಲ್ಲಿ ಅದು ಆಟವಾಗಿದೆ. ನಮ್ಮಲ್ಲಿ? ಮಾಟ ಮಾಡ್ತಾರೆ ಅಂತ ದೂರಿ ಒಬ್ಬರನ್ನು ಕಾಡುವುದು ಅಪರಾಧವೆಂದು ಮಹಾರಾಷ್ಟ್ರ ಕಾನೂನು ಮಾಡಿದ್ದೇ 2013ರಲ್ಲಿ, ಅದೂ ನರೇಂದ್ರ ದಾಭೋಲ್ಕರರ ಕೊಲೆಯಾದ ಮೇಲೆ. ಹಸಿ ಗಾಯದ ಮೇಲೆ ನಗಬಹುದೆ? ಮೊಮ್ಮಗಳ ಕೈಯಿಂದ ಕತ್ತರಿ ಕಸಿಯಲಾರೆ. ಅಂಜಿಸುವ ಮಾಟಗಾತಿಗಿಂತ ನಗಿಸುವವಳೇ ಮೇಲು ಅಂತಲೂ ಅನ್ನಿಸುತ್ತೆ. ಆದರೆ ಆ ವಿಧವೆಯ ಕಥೆ ಹೇಳದೆ ಕಾರ್ಡು ಹಂಚೋಕೆ ಬಿಡಲ್ಲ.